220, 650, 350: ನಿಂತಾಗ ಗೊತ್ತಾದ ತೂಕ

ಬೆಂಗಳೂರಿನ ಹನುಮಂತನಗರದ ನಮ್ಮ ಬಾಡಿಗೆ ಮನೆಯ ಗೇಟಿನ ಮುಂದೆ ಚರಂಡಿ ಇದೆ. ಅದರ ಮೇಲೆ ಸಿಮೆಂಟಿನ ಒಂದು ಇಳಿಜಾರು. ಉದ್ದ ಹೆಚ್ಚೆಂದರೆ ಐದು ಅಡಿ. ಬೀದಿಯೂ ಒಂದು ಕಡೆಗೆ ವಾಲಿದೆ. ಈ ಕಡೆಯ ಎಷ್ಟೋ ಬೀದಿಗಳು ಹಾಗೇ, ಏರು ಇಳಿವಿನ ಮೇಲೆ ಎದ್ದ ಬಡಾವಣೆ ಇದು.

ಇಲ್ಲಿವರೆಗೆ ಮೂರು ಕ್ರೂಸರ್ ಬೈಕ್, ಅಂದರೆ ತಗ್ಗು ಸೀಟಿನಲ್ಲಿ ಕಾಲು ಮುಂದಕ್ಕೆ ಚಾಚಿ ಕೂರುವ ಥರದ ಬೈಕ್, ಇಟ್ಟುಕೊಂಡಿದ್ದೇನೆ. ಮೊದಲು 220 ಸಿಸಿ, ಆಮೇಲೆ 650, ಈಗ 350. ಚಿಕ್ಕದು ಒಳ್ಳೇದಾ ದೊಡ್ಡದು ಒಳ್ಳೇದಾ ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಹೈವೇ ಅಲ್ಲ, ಘಾಟಿಯೂ ಅಲ್ಲ. ಈ ಐದು ಅಡಿ ಸಿಮೆಂಟು.

ಕ್ರೂಸರೇ ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ. ನನ್ನ ಎತ್ತರ ಐದು ಅಡಿ ಎರಡು ಇಂಚು. ಬೈಕ್ ಆಸೆ ಮಾತ್ರ ಚಿಕ್ಕಂದಿನದು. ಅಪ್ಪನ ಹತ್ತಿರ ಯೆಜ್ಡಿ ಇತ್ತು, ಮೈಸೂರಿನ ಫ್ಯಾಕ್ಟರಿಯಲ್ಲಿ ತಯಾರಾದದ್ದು, 250 ಸಿಸಿ. ಅರಸೀಕೆರೆಯಲ್ಲಿ ನಮ್ಮ ಬೀದಿಗೆ ಅದೇ ದೊಡ್ಡ ಬೈಕ್. ಅಪ್ಪ ತಿರುವಿನಲ್ಲಿ ಬರುವಾಗಲೇ ಸದ್ದು ಕೇಳಿ ಅಮ್ಮ ಒಲೆ ಮೇಲೆ ಕಾಫಿಗೆ ನೀರಿಡುತ್ತಿದ್ದಳು. ಇವತ್ತು 250 ಸಿಸಿ ಅಂದರೆ ಯಾರೂ ದೊಡ್ಡದು ಅನ್ನಲ್ಲ. ಅಮೆರಿಕದಲ್ಲಂತೂ 883 ಸಿಸಿ ಹಾರ್ಲೆಯನ್ನೇ ಶುರು ಮಾಡುವವರ ಬೈಕ್ ಅಂತ ಕರೆಯುತ್ತಿದ್ದರು. ಅಲ್ಲಿನ ಅಗಲ ರಸ್ತೆ, ನೇರ ದಾರಿ, ಮನೆ ಮುಂದೆ ದೊಡ್ಡ ಗ್ಯಾರೇಜು. 1,800 ಸಿಸಿ ದಾಟಿದ, 300 ಕೆಜಿ ಮೀರಿದ ಬೈಕ್ ಅಲ್ಲಿ ಸಹಜವಾಗಿ ನಿಲ್ಲುತ್ತೆ. ಚಿಕ್ಕದು ದೊಡ್ಡದು ಅನ್ನೋದು ಊರಿನ ಲೆಕ್ಕ.

ಮಾಮೂಲಿ ಬೈಕುಗಳ ಸೀಟು 790, 800 ಮಿ.ಮೀ. ಎತ್ತರ ಇರುತ್ತೆ. ನಾನು ಕೂತರೆ ಬರೀ ಬೆರಳ ತುದಿ ನೆಲ ಮುಟ್ಟುತ್ತೆ. ಕ್ರೂಸರಿನ ಸೀಟು ತಗ್ಗು. ಕಾಲು ಮುಂದಕ್ಕೆ ಚಾಚಬಹುದು, ಬೆನ್ನು ನೇರ ಇಟ್ಟುಕೊಂಡು ಕೂರಬಹುದು. 2020ರ ಕೊನೆಯಲ್ಲಿ ಬಜಾಜ್ ಅವೆಂಜರ್ 220 ಕ್ರೂಸ್ ತಗೊಂಡೆ. ಸೀಟಿನ ಎತ್ತರ 737 ಮಿ.ಮೀ., ತೂಕ 163 ಕೆಜಿ. ಷೋರೂಮಿನಲ್ಲಿ ಮೊದಲ ಸಲ ಕೂತಾಗ ಎರಡೂ ಪಾದ ಹಿಮ್ಮಡಿ ಸಮೇತ ನೆಲಕ್ಕೆ ಕೂತವು. ಆ ಕ್ಷಣದಲ್ಲೇ ತೀರ್ಮಾನ ಆಯಿತು.

ಎರಡೂವರೆ ವರ್ಷ ಆ ಬೈಕ್ ನನ್ನ ಜೊತೆ ಇತ್ತು. 31,000 ಕಿ.ಮೀ. ಓಡಿಸಿದೆ. ಆಫೀಸಿಗೆ ಅದೇ, ತರಕಾರಿಗೆ ಅದೇ, ತಿಂಗಳಿಗೆರಡು ಸಲ ಊರಿಗೆ ಅದೇ. ಬೆಂಗಳೂರಿನಿಂದ ಅರಸೀಕೆರೆಗೆ 170 ಕಿ.ಮೀ. ಮೇಲಾಗುತ್ತೆ. ತುಮಕೂರಿನವರೆಗೆ ಎನ್‌ಎಚ್ 48, ಅಲ್ಲಿಂದ ಎನ್‌ಎಚ್ 73. ಗುಬ್ಬಿ, ತಿಪಟೂರು ದಾಟಿದರೆ ಎರಡೂ ಕಡೆ ತೆಂಗಿನ ತೋಟ. ಆ ರಸ್ತೆಯಲ್ಲಿ 75, 80ರಲ್ಲಿ ಹೋಗ್ತಾ ಇದ್ದರೆ ಅವೆಂಜರಿಗೆ ಏನೂ ತೊಂದರೆ ಇರಲಿಲ್ಲ. ಲೀಟರಿಗೆ 38 ಕಿ.ಮೀ. ಕೊಡುತ್ತಿತ್ತು.

ಒಂದು ಸಲ ತಿಪಟೂರಿನ ಈಚೆ ಹಿಂದಿನ ಚಕ್ರಕ್ಕೆ ಮೊಳೆ ಹೊಕ್ಕಿತು. ಅದರದು ಕಡ್ಡಿ ಚಕ್ರ, ಒಳಗೆ ಟ್ಯೂಬ್. ಗಾಳಿ ಒಂದೇ ಸಲಕ್ಕೆ ಇಳಿಯಿತು. ಬೈಕನ್ನು ಅರ್ಧ ಕಿಲೋಮೀಟರ್ ತಳ್ಳಿಕೊಂಡು ಹೋದೆ. ಬೆವರು ಬಂತು, ಆದರೆ ಒಬ್ಬಳೇ ತಳ್ಳಿದೆ. ರಸ್ತೆ ಬದಿಯ ಪಂಚರ್ ಅಂಗಡಿಯ ಹುಡುಗ ಚಕ್ರ ಬಿಚ್ಚಿ, ಟ್ಯೂಬ್ ತೆಗೆದು, ನೀರಿನ ಬೋಗುಣಿಯಲ್ಲಿ ಅದ್ದಿ ತೂತು ಹುಡುಕಿ, ಮುಕ್ಕಾಲು ಗಂಟೆಯಲ್ಲಿ ಸರಿ ಮಾಡಿಕೊಟ್ಟ. ಈ ಥರದ ಬೈಕನ್ನು ಯಾವ ಊರಲ್ಲಿ ಬೇಕಾದರೂ ಬಿಚ್ಚಿ ಕಟ್ಟುತ್ತಾರೆ. ಆಗ ಅದು ದೊಡ್ಡ ವಿಷಯ ಅನ್ನಿಸಿರಲಿಲ್ಲ.

ಮತ್ತೆ ದೊಡ್ಡದು ಯಾಕೆ ಬೇಕಾಯಿತು? ಹಿಂದೆ ನಮ್ಮ ಮನೆಯವರು ಕೂತು, ಎರಡು ಬ್ಯಾಗ್ ಕಟ್ಟಿ, ಎನ್‌ಎಚ್ 48ರಲ್ಲಿ ಲಾರಿ ದಾಟಬೇಕಾದಾಗ. ಏರು ರಸ್ತೆಯಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುವಿದರೂ ಬೈಕ್ ನಿಧಾನವಾಗಿ ಮುಂದಕ್ಕೆ ಜರುಗುತ್ತಿತ್ತು. ಪಕ್ಕದಲ್ಲಿ ಲಾರಿಯ ಚಕ್ರ, ಹಿಂದೆ ಹಾರ್ನ್ ಹೊಡೆಯುವ ಕಾರು. ಆ ಹತ್ತು ಸೆಕೆಂಡ್ ತುಂಬಾ ಉದ್ದ. 19 ಪಿಎಸ್, ಅಂದರೆ ಸುಮಾರು 19 ಕುದುರೆ ಶಕ್ತಿಯ ಎಂಜಿನ್ನಿಗೆ ಅದಕ್ಕಿಂತ ಜಾಸ್ತಿ ಕೇಳುವುದು ನ್ಯಾಯವೂ ಅಲ್ಲ.

2023ರ ಜನವರಿಯಲ್ಲಿ ರಾಯಲ್ ಎನ್‌ಫೀಲ್ಡಿನ ಸೂಪರ್ ಮೀಟಿಯರ್ 650 ಬಂತು. ಎಲ್ಲೆಲ್ಲೂ ಅದರದೇ ಮಾತು. ಎರಡು ಸಿಲಿಂಡರ್, 648 ಸಿಸಿ, 47 ಪಿಎಸ್. ನಾನು ಮೊದಲು ನೋಡಿದ್ದು ಸೀಟಿನ ಎತ್ತರ. 740 ಮಿ.ಮೀ. ಅವೆಂಜರಿಗಿಂತ ಬರೀ ಮೂರು ಮಿ.ಮೀ. ಜಾಸ್ತಿ. ಕೆಳಗಿನ ಸಾಲಿನಲ್ಲೇ ತೂಕ ಬರೆದಿತ್ತು, 241 ಕೆಜಿ. ಓದಿದೆ. ಆದರೆ ಅದು ಮನಸ್ಸಿಗೆ ಇಳಿಯಲಿಲ್ಲ. ಕಾಲು ನೆಲಕ್ಕೆ ಮುಟ್ಟುತ್ತೆ ಅಂದಮೇಲೆ ಇನ್ನೇನು ಅಂದುಕೊಂಡೆ.

ಟೆಸ್ಟ್ ರೈಡ್ ನಾಲ್ಕು ಕಿ.ಮೀ. ನೇರ ರಸ್ತೆ, ಬೆಳಗಿನ ಹೊತ್ತು, ಟ್ರಾಫಿಕ್ ಇಲ್ಲ. ಒಂದೇ ಒಂದು ಯು-ಟರ್ನ್, ಅದೂ ಅಗಲವಾದ ಕಡೆ. ಬೈಕ್ ಹೊರಟ ಮೇಲೆ ತೂಕ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಬೆಣ್ಣೆಯ ಹಾಗೆ ಜಾರಿತು. ಕ್ಲಚ್ಚು ಹಗುರ, ಬ್ರೇಕು ಗಟ್ಟಿ. ವಾಪಸ್ ಬಂದಾಗ ಷೋರೂಮಿನ ಹುಡುಗನೇ ಬೈಕ್ ಹಿಡಿದು ಸ್ಟ್ಯಾಂಡ್ ಹಾಕಿ ನಿಲ್ಲಿಸಿದ. ನಾನು ನಿಲ್ಲಿಸಲಿಲ್ಲ, ಹಿಂದಕ್ಕೆ ತಳ್ಳಲಿಲ್ಲ. ಈಗ ಯೋಚಿಸಿದರೆ, ಬೈಕ್ ಕೊಳ್ಳುವ ಮುಂಚೆ ತಿಳಿಯಬೇಕಾದ ಎರಡೇ ಎರಡು ವಿಷಯ ಆ ದಿನ ತಿಳಿಯದೇ ಉಳಿದವು.

ದುಡ್ಡಿನ ಲೆಕ್ಕವನ್ನೂ ಹೇಳಬೇಕು, ಯಾಕಂದರೆ ಅಲ್ಲೂ 350 ಸಿಸಿ ಅನ್ನೋದು ಒಂದು ಗೆರೆ. ಬೈಕಿನ ಷೋರೂಮ್ ಬೆಲೆ ಆಗ 3.49 ಲಕ್ಷದಿಂದ ಶುರು. ಕರ್ನಾಟಕದಲ್ಲಿ 1 ಲಕ್ಷ ದಾಟಿದ ಬೈಕಿಗೆ ರಸ್ತೆ ತೆರಿಗೆಯೇ 18%, ಅದರ ಮೇಲೆ ಸೆಸ್. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಂದೇ ಸಲಕ್ಕೆ ಕಟ್ಟಬೇಕು. ಆಗ 150ರಿಂದ 350 ಸಿಸಿವರೆಗೆ 7,365 ರೂಪಾಯಿ. 350 ದಾಟಿದರೆ 15,117. ಎಲ್ಲಾ ಸೇರಿ ನಾಲ್ಕು ಲಕ್ಷ ದಾಟಿತು. ಅವೆಂಜರ್ ಮಾರಿದ ದುಡ್ಡು, ಚೀಟಿ ದುಡ್ಡು, ಉಳಿದದ್ದು ಸಾಲ.

ಲೈಸೆನ್ಸಿನ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ನಾನು ಗೇರ್ ಬೈಕ್ ಲೈಸೆನ್ಸ್ ತಗೊಂಡದ್ದು 100 ಸಿಸಿ ಬೈಕಿನಲ್ಲಿ ಎಂಟರ ಆಕಾರ ಸುತ್ತಿ. ಅದೇ ಕಾರ್ಡಿನಲ್ಲಿ 650 ಓಡಿಸಬಹುದು, 1,800 ಸಿಸಿಯೂ ಓಡಿಸಬಹುದು. ಯೂರೋಪಿನಲ್ಲಿ ಹಾಗಿಲ್ಲ. ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ಎ2 ಅನ್ನುವ ನಡುವಿನ ಲೈಸೆನ್ಸಿಗೆ 35 ಕಿಲೋವ್ಯಾಟ್ ಮಿತಿ. ಸೂಪರ್ ಮೀಟಿಯರಿನ 47 ಪಿಎಸ್ ಅಂದರೆ ಸುಮಾರು 34.6 ಕಿಲೋವ್ಯಾಟ್, ಆ ಮಿತಿಯ ಒಳಗೇ ಬರುತ್ತೆ. ಅಂದರೆ ಅಲ್ಲಿ ಅದು ಕಲಿಯುವ ಹಾದಿಯ ಬೈಕ್. ಆದರೆ ಅಲ್ಲಿ ಅಷ್ಟು ಕಲಿಸಿಯೇ ಕೈಗೆ ಕೊಡುತ್ತಾರೆ. ನನಗೆ ಯಾರೂ ಏನೂ ಕಲಿಸಲಿಲ್ಲ. ಕೀ ಕೊಟ್ಟು, ಹಾರ ಹಾಕಿ, ಫೋಟೋ ತೆಗೆದು ಕಳಿಸಿದರು.

ಆ ಸಂಜೆ ಮನೆ ಮುಂದೆ ಬಂದೆ. ಗೇಟು ಮುಚ್ಚಿತ್ತು. ಬೀದಿಯಲ್ಲಿ ನಿಲ್ಲಿಸಿ ಗೇಟ್ ತೆಗೆಯೋಣ ಅಂತ ಬ್ರೇಕ್ ಹಿಡಿದು ಎಡಗಾಲು ಇಟ್ಟೆ. ಬೀದಿ ಎಡಕ್ಕೆ ವಾಲಿದೆ ಅಂದೆನಲ್ಲ. ಸಮತಟ್ಟು ನೆಲದಲ್ಲಿ ಹಿಮ್ಮಡಿವರೆಗೂ ಮುಟ್ಟುವ ಕಾಲು ಅಲ್ಲಿ ಮೂರು ಇಂಚು ಕೆಳಗೆ ನೆಲ ಹುಡುಕಿತು. ಕಾಲು ಸಿಗುವ ಹೊತ್ತಿಗೆ ಬೈಕ್ ವಾಲಿಯಾಗಿತ್ತು. ಅವೆಂಜರ್ ಆಗಿದ್ದರೆ ತೊಡೆಯಲ್ಲಿ ಒತ್ತಿ ಎತ್ತಿಬಿಡುತ್ತಿದ್ದೆ. ಇದು ಹಾಗಲ್ಲ. ಒಂದು ಹಂತದವರೆಗೆ ಬೈಕ್ ತನ್ನ ಭಾರವನ್ನು ತಾನೇ ಹೊತ್ತು ನಿಲ್ಲುತ್ತೆ. ಅದನ್ನು ದಾಟಿದ ಮೇಲೆ ಪೂರ್ತಿ ಭಾರ ಮೊಣಕಾಲಿಗೆ. ಅಷ್ಟರಲ್ಲಿ ಮನೆಯವರು ಓಡಿ ಬಂದು ಹ್ಯಾಂಡಲ್ ಹಿಡಿದರು. ಬೀಳಲಿಲ್ಲ. ಆದರೆ ಎಡ ಮೊಣಕಾಲು ಮೂರು ದಿನ ನೋವಿತ್ತು.

ಅವತ್ತಿಂದ ಮನೆಗೆ ಬರುವುದೇ ಒಂದು ಕ್ರಮ ಆಯಿತು. ಬೀದಿಯ ಮೇಲಿನ ತುದಿಯಿಂದಲೇ ಬರಬೇಕು. ಮೂಲೆಯಲ್ಲಿ ನಿಂತು ಫೋನ್ ಮಾಡಿ ಗೇಟ್ ತೆಗೆಸಬೇಕು. ಇಳಿಜಾರಿನ ನಡುವೆ ನಿಲ್ಲುವ ಹಾಗೇ ಇಲ್ಲ, ಒಂದೇ ಏಟಿಗೆ ಒಳಗೆ. ಒಳಗೆ ಹೋದ ಮೇಲೆ ಗೋಡೆ. ಬೆಳಿಗ್ಗೆ ಹೊರಗೆ ತರಬೇಕಾದರೆ ಹಿಂದಕ್ಕೆ ಎಳೆಯಬೇಕು. ಬೈಕಿಗೆ ರಿವರ್ಸ್ ಗೇರ್ ಇಲ್ಲ. ದೊಡ್ಡ ಬೈಕ್ ಕೊಂಡವರು ಮೊದಲ ವಾರದಲ್ಲೇ ಕಲಿಯುವ ಪಾಠ ಇದು. ಮುಂದಿನ ಚಕ್ರ ತಗ್ಗಿಗೆ ಮುಖ ಮಾಡಿ, ಗೋಡೆಗೆ ಎದುರಾಗಿ ಎಂದೂ ನಿಲ್ಲಿಸಬಾರದು. ಹೋಟೆಲ್ ಮುಂದೆ, ದೇವಸ್ಥಾನದ ಮುಂದೆ, ಎಲ್ಲಿ ಹೋದರೂ ನಾನು ಮೊದಲು ನೋಡುತ್ತಿದ್ದದ್ದು ನೆಲ ಯಾವ ಕಡೆ ಇಳಿಯುತ್ತೆ ಅಂತ. ಊಟ ಚೆನ್ನಾಗಿರುವ ಎಷ್ಟೋ ಜಾಗಗಳನ್ನು ಪಾರ್ಕಿಂಗ್ ನೋಡಿ ಬಿಟ್ಟು ಮುಂದೆ ಹೋಗಿದ್ದೇನೆ.

ಈಗ ಅದರ ಒಳ್ಳೇ ದಿನಗಳ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತೆ. ಆ ಬೈಕ್ ಮೇಲೆ ನನಗೆ ನಿಜವಾಗಲೂ ಪ್ರೀತಿ ಇತ್ತು.

2023ರ ಡಿಸೆಂಬರಿನಲ್ಲಿ ಹಂಪಿಗೆ ಹೋದೆವು. ಹೋಗುವುದು ಸುಮಾರು 340 ಕಿ.ಮೀ. ಬೆಳಗಿನ ಐದಕ್ಕೆ ಹೊರಟೆವು. ಸಿರಾ ದಾಟುವಾಗ ಬೆಳಕಾಯಿತು. ಹಿರಿಯೂರು ಆದ ಮೇಲೆ ರಸ್ತೆ ಖಾಲಿ. ಆರನೇ ಗೇರಿನಲ್ಲಿ 95ರಲ್ಲಿ ಬೈಕ್ ಹೋಗುತ್ತಿದ್ದರೆ ಎಂಜಿನ್ ಕೆಲಸ ಮಾಡ್ತಿದೆ ಅಂತಲೇ ಅನ್ನಿಸುತ್ತಿರಲಿಲ್ಲ. ಚಿತ್ರದುರ್ಗದ ಹತ್ತಿರ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿರುತ್ತವೆ. ಅವನ್ನು ಅಲ್ಲಿ ನಿಲ್ಲಿಸಿದ್ದಾರೆ ಅಂದಮೇಲೆ ಅಲ್ಲಿನ ಗಾಳಿ ಎಂಥದ್ದು ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ? ಅದೇ ಜಾಗದಲ್ಲಿ ಅವೆಂಜರ್ ಪಕ್ಕಕ್ಕೆ ತಳ್ಳಿಸಿಕೊಂಡದ್ದು ನೆನಪಿತ್ತು. ಇದು ಅಲುಗಲಿಲ್ಲ. 241 ಕೆಜಿ ಅಲ್ಲಿ ನನ್ನ ಪರವಾಗಿತ್ತು. ಲಾರಿ ದಾಟುವುದು ಅಂದರೆ ಮಣಿಕಟ್ಟು ಒಂದಿಷ್ಟು ತಿರುವುವುದು, ಅಷ್ಟೇ. ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ, ಅವೆಂಜರಿನಲ್ಲಿ 17.5 ನ್ಯೂಟನ್ ಮೀಟರ್, ಇದರಲ್ಲಿ 52.3. ಮೂರು ಪಟ್ಟು. ಹಿಂದೆ ಕೂತವರು ಹೊಸಪೇಟೆ ಬರುವ ಹೊತ್ತಿಗೆ ತೂಕಡಿಸುತ್ತಿದ್ದರು. ಕೈ ನೋವಿಲ್ಲ, ಅಂಗೈ ಜೋಮು ಹಿಡಿದಿರಲಿಲ್ಲ. ಸಂಜೆ ಹೇಮಕೂಟದ ಮೇಲೆ ಕೂತಾಗಲೂ ಇನ್ನೂ ನೂರು ಕಿಲೋಮೀಟರ್ ಹೋಗಬಹುದಿತ್ತು ಅನ್ನಿಸುತ್ತಿತ್ತು.

ಅಂಥ ದಿನಗಳು ಎರಡು ವರ್ಷದಲ್ಲಿ ಎಷ್ಟು? ಬೆರಳಲ್ಲಿ ಎಣಿಸಿದೆ. ಹನ್ನೊಂದು.

ನಮಗೆ ಹತ್ತಿರದ ದೊಡ್ಡ ರಸ್ತೆ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ. 2023ರ ಆಗಸ್ಟ್ 1ರಿಂದ ಅಲ್ಲಿ ಬೈಕಿಗೆ ಪ್ರವೇಶ ಇಲ್ಲ. ಎಷ್ಟು ಸಿಸಿ ಆದರೂ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಬೈಕ್ ತಗೊಂಡು ಎರಡು ತಿಂಗಳಿಗೆ ಆ ದಾರಿ ಮುಚ್ಚಿತು. ಸರ್ವಿಸ್ ರಸ್ತೆಯಲ್ಲಿ ರಾಮನಗರ, ಮದ್ದೂರು ಅಂತ ಹಂಪ್ಸ್ ಎಣಿಸುತ್ತಾ ಹೋಗುವಾಗ 650 ಸಿಸಿಗೂ 220 ಸಿಸಿಗೂ ವ್ಯತ್ಯಾಸ ಇಲ್ಲ. ನಿಜ ಹೇಳಬೇಕಂದರೆ 220ಯೇ ಮೇಲು.

ಹಂಪ್ಸ್ ಅಂದಾಗ ನೆಲದ ಅಂತರದ ವಿಷಯ ಬರುತ್ತೆ. ಸೂಪರ್ ಮೀಟಿಯರ್ ನೆಲದಿಂದ 135 ಮಿ.ಮೀ. ಮೇಲಿದೆ. ಹಿಂದಿನ ಸಸ್ಪೆನ್ಷನ್ ಒತ್ತಿಕೊಳ್ಳುವುದು 101 ಮಿ.ಮೀ. ಸೀಟು ಅಷ್ಟು ತಗ್ಗಿರಬೇಕು ಅಂದರೆ ಎಲ್ಲಾದರೂ ಬಿಟ್ಟುಕೊಡಲೇಬೇಕು, ಕ್ರೂಸರಿನಲ್ಲಿ ಅದು ಇಲ್ಲಿ. ಒಳ್ಳೇ ರಸ್ತೆಗೆ ಅದು ಸಾಕು. ನಮ್ಮ ಊರಿನ ಅಡ್ಡದಾರಿಗಳಲ್ಲಿ ಯಾರು ಯಾವಾಗ ಹಾಕಿದರೋ ಗೊತ್ತಿಲ್ಲದ ರಸ್ತೆ ಉಬ್ಬುಗಳಿವೆ, ಪೇಪರಿನಲ್ಲಿ ಅವೈಜ್ಞಾನಿಕ ಹಂಪ್ಸ್ ಅಂತ ಬರೆಯುತ್ತಾರಲ್ಲ, ಅಂಥವು. ಇಬ್ಬರು ಕೂತರೆ ಬೈಕಿನ ತಳ ಕರ್ ಅಂತ ಸವರುತ್ತಿತ್ತು. ಆ ಸದ್ದು ಕೇಳಿದರೆ ಹೊಟ್ಟೆ ಒಳಗೇ ಗೀರಿದ ಹಾಗಾಗುತ್ತಿತ್ತು. ಓರೆಯಾಗಿ ಹತ್ತಿಸಿ ಇಳಿಸುವುದು ಕಲಿತೆ. ಆಮೇಲೆ ಅವರನ್ನು ಇಳಿಸಿ, ಉಬ್ಬು ದಾಟಿ, ಮತ್ತೆ ಹತ್ತಿಸಿಕೊಳ್ಳುವುದೂ ರೂಢಿ ಆಯಿತು.

ಸಿಟಿಯಲ್ಲಿ ಲೀಟರಿಗೆ 23 ಕಿ.ಮೀ. ಬಲಗಾಲಿಗೆ ಎಂಜಿನ್ ಬಿಸಿ. ಸಿಗ್ನಲ್ಲಿನಲ್ಲಿ ಎರಡು ಕಾರಿನ ನಡುವೆ ನುಗ್ಗುವ ಹಾಗಿಲ್ಲ. ನಿಧಾನವಾಗಿ ಆಫೀಸಿಗೆ ಮೆಟ್ರೋ, ತರಕಾರಿಗೆ ಅತ್ತೆಯ ಸ್ಕೂಟರ್ ಅಂತ ಆಯಿತು. ಊರಿಗೂ ಒಂದೊಂದು ಸಲ ರೈಲು ಹತ್ತಿದೆ. ಅದನ್ನು ಬೇಕಂತ ಮಾಡಿದ್ದಲ್ಲ. ಬೆಳಿಗ್ಗೆ ಆ ಇಳಿಜಾರಿನಲ್ಲಿ ಬೈಕ್ ಹೊರಗೆ ಎಳೆಯುವುದನ್ನು ನೆನೆಸಿಕೊಂಡರೆ ಕೈ ತಾನಾಗೇ ಸ್ಕೂಟರ್ ಕೀಗೆ ಹೋಗುತ್ತಿತ್ತು. ಎರಡು ವರ್ಷಕ್ಕೆ 9,400 ಕಿ.ಮೀ. ಆಗಿತ್ತು. ಅವೆಂಜರಿನಲ್ಲಿ ಒಂದೇ ವರ್ಷದಲ್ಲಿ ಅಷ್ಟು ಓಡಿಸುತ್ತಿದ್ದೆ. ಓಡೋಮೀಟರ್ ನೋಡಿದಾಗಲೇ ನನಗೆ ಉತ್ತರ ಸಿಗಬೇಕಿತ್ತು.

ನನಗೆ ಬಾರದೇ ಇರಬಹುದು, ಕಲಿತರೆ ಸರಿಹೋಗಬಹುದು ಅಂತಲೂ ಪ್ರಯತ್ನ ಪಟ್ಟೆ. ಇದನ್ನು ಒತ್ತಿ ಹೇಳುತ್ತೇನೆ, ಯಾಕಂದರೆ ದೊಡ್ಡ ಬೈಕ್ ಮಾರಿದಳು ಅಂದ ಕೂಡಲೇ ಹೆದರಿದಳು ಅಂದುಕೊಳ್ಳುವವರೇ ಜಾಸ್ತಿ. ನಾಲ್ಕು ತಿಂಗಳು, ಪ್ರತಿ ಭಾನುವಾರ ಬೆಳಿಗ್ಗೆ ಆರಕ್ಕೆ, ಮನೆ ಹತ್ತಿರದ ಖಾಲಿ ಮೈದಾನಕ್ಕೆ ಹೋದೆ. ಹಳೇ ಚಪ್ಪಲಿಗಳನ್ನು ಸಾಲಾಗಿ ಇಟ್ಟು ಅವುಗಳ ನಡುವೆ ಸುತ್ತಿದೆ. ನಿಧಾನ ತಿರುವಿನಲ್ಲಿ ಮುಂದಿನ ಬ್ರೇಕ್ ಮುಟ್ಟಬಾರದು, ಹಿಂದಿನ ಬ್ರೇಕ್ ಸ್ವಲ್ಪ ಒತ್ತಿ ಹಿಡಿದು, ಅರ್ಧ ಕ್ಲಚ್ಚಿನಲ್ಲಿ ಎಂಜಿನ್ನಿಗೆ ಒಂದೇ ಸಮ ಆಕ್ಸಿಲರೇಟರ್ ಕೊಡಬೇಕು. ಕಣ್ಣು ಚಕ್ರದ ಮೇಲಲ್ಲ, ಹೋಗಬೇಕಾದ ಕಡೆ. ಕಣ್ಣು ಹೋದಲ್ಲಿ ಬೈಕ್ ಹೋಗುತ್ತೆ. ನಿಲ್ಲಿಸುವಾಗ ಹ್ಯಾಂಡಲ್ ನೇರ ಇರಬೇಕು; ತಿರುಗಿದ ಹ್ಯಾಂಡಲಿನಲ್ಲಿ ಮುಂದಿನ ಬ್ರೇಕ್ ಹಿಡಿದರೆ ಬೈಕ್ ಆ ಕಡೆಗೇ ಮಗುಚುತ್ತೆ. ಇದೆಲ್ಲಾ ಬಂತು. ಕೊನೆ ಕೊನೆಗೆ ಆ ಬೈಕನ್ನು ಎರಡು ಕಾರು ನಿಲ್ಲಿಸುವಷ್ಟು ಜಾಗದಲ್ಲಿ ಪೂರ್ತಿ ತಿರುಗಿಸುತ್ತಿದ್ದೆ. ಆ ಭಾನುವಾರಗಳಿಂದ ನನ್ನ ಓಡಿಸುವ ರೀತಿಯೇ ಬದಲಾಯಿತು, ಇವತ್ತಿಗೂ ಅದರ ಲಾಭ ಇದೆ.

ಆದರೂ 2024ರ ಜುಲೈನಲ್ಲಿ ಬೈಕ್ ಬಿತ್ತು.

ಮೂಡಿಗೆರೆ ಕಡೆ ಒಂದು ಹೋಂಸ್ಟೇಗೆ ಹೊರಟಿದ್ದೆವು. ಊರಿಂದ ಎನ್‌ಎಚ್ 73 ಹಿಡಿದರೆ ಬಾಣಾವರ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಅಲ್ಲಿಂದ ಚಾರ್ಮಾಡಿ ಘಾಟಿ ಇಳಿದು ಮಂಗಳೂರು. ಒಂದೇ ರಸ್ತೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಮಂಜಿನಲ್ಲಿ ಸ್ವಲ್ಪ ಹೊತ್ತು ನಿಂತು ವಾಪಸ್ ತಿರುಗಿದೆವು. ಮುಖ್ಯ ರಸ್ತೆ ಬಿಟ್ಟು ಕಾಫಿ ತೋಟದ ಒಳಗೆ ಒಂದೂವರೆ ಕಿಲೋಮೀಟರ್ ಹೋಗಬೇಕು. ಜಲ್ಲಿ ಹಾಕಿದ ದಾರಿ, ಜಿಟಿಜಿಟಿ ಮಳೆ. ಅಷ್ಟನ್ನೂ ಸರಿಯಾಗಿ ಓಡಿಸಿದೆ. ಬಿದ್ದದ್ದು ಅಂಗಳದಲ್ಲಿ, ನಿಂತ ಮೇಲೆ. ಸ್ಟ್ಯಾಂಡ್ ಹಾಕಲು ಎಡಗಾಲು ಊರಿದೆ. ಕಾಲ ಕೆಳಗಿದ್ದ ಒಂದು ಹಿಡಿ ಜಲ್ಲಿ ಜಾರಿತು. ಅಷ್ಟೇ. ಬೈಕ್ ನಿಧಾನವಾಗಿ, ಯಾವ ಗಡಿಬಿಡಿಯೂ ಇಲ್ಲದೆ ಎಡಕ್ಕೆ ಮಲಗಿತು. ಹಿಡಿದು ನಿಲ್ಲಿಸಲು ಹೋಗಬಾರದು ಅಂತ ಅಷ್ಟು ಹೊತ್ತಿಗೆ ಕಲಿತಿದ್ದೆ. ಕೈ ಬಿಟ್ಟು ಪಕ್ಕಕ್ಕೆ ಸರಿದೆ. ಕಾಲು ಉಳಿಯಿತು.

ಮನೆಯವರು ರೂಮು ನೋಡಲು ಒಳಗೆ ಹೋಗಿದ್ದರು. ಅಂಗಳದಲ್ಲಿ ನಾನೊಬ್ಬಳೇ. ಮೊದಲು ಹ್ಯಾಂಡಲಿನ ಕೆಂಪು ಸ್ವಿಚ್ ಒತ್ತಿ ಎಂಜಿನ್ ನಿಲ್ಲಿಸಿದೆ, ಕೀ ತಿರುವಿದೆ. ಪೆಟ್ರೋಲ್ ಸೋರುತ್ತಿದೆಯಾ ನೋಡಿದೆ, ಇಲ್ಲ. ಎತ್ತುವಾಗ ಉರುಳಬಾರದು ಅಂತ ಫಸ್ಟ್ ಗೇರಿಗೆ ಹಾಕಿದೆ. ಹ್ಯಾಂಡಲನ್ನು ಬಿದ್ದ ಕಡೆಗೇ ಪೂರ್ತಿ ತಿರುಗಿಸಿದೆ. ಕಾಲ ಕೆಳಗಿನ ಜಲ್ಲಿಯನ್ನು ಷೂನಲ್ಲಿ ಬಳಿದು ಗಟ್ಟಿ ಮಣ್ಣು ಕಾಣುವ ಹಾಗೆ ಮಾಡಿದೆ. ಆಮೇಲೆ ಬೈಕಿಗೆ ಬೆನ್ನು ಮಾಡಿ, ಸೀಟಿಗೆ ಸೊಂಟ ಒತ್ತಿ ಕುಕ್ಕರಗಾಲಲ್ಲಿ ಕೂತೆ. ಒಂದು ಕೈ ಹ್ಯಾಂಡಲಿನ ತುದಿಗೆ, ಇನ್ನೊಂದು ಹಿಂದಿನ ಕಂಬಿಗೆ. ಬೆನ್ನಿನಿಂದ ಎತ್ತಬಾರದು, ತೊಡೆಯಿಂದ ಎತ್ತಬೇಕು. ಬೆನ್ನು ನೇರ ಇಟ್ಟುಕೊಂಡು ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕೆ ಇಡುತ್ತಾ ಹೋದೆ. ಒಂದು ಹೆಜ್ಜೆ, ಉಸಿರು. ಇನ್ನೊಂದು ಹೆಜ್ಜೆ, ಉಸಿರು. ನೆಟ್ಟಗಾಗುವ ಹೊತ್ತಿಗೆ ಹುಷಾರಾಗಿರಬೇಕು, ಇಲ್ಲಾಂದರೆ ಆ ಕಡೆಗೆ ಉರುಳುತ್ತೆ. ಬಲಕ್ಕೆ ಬಿದ್ದಿದ್ದರೆ ಮೊದಲೇ ಸೈಡ್ ಸ್ಟ್ಯಾಂಡ್ ಬಿಡಿಸಿ ಇಟ್ಟುಕೊಳ್ಳಬಹುದು. ಎಡಕ್ಕೆ ಬಿದ್ದರೆ ಆ ಅನುಕೂಲ ಇಲ್ಲ. ನೆಟ್ಟಗೆ ಹಿಡಿದುಕೊಂಡೇ ಹಿಮ್ಮಡಿಯಿಂದ ತಡಕಿ ಸ್ಟ್ಯಾಂಡ್ ಬಿಡಿಸಿದೆ.

ಎತ್ತಿದೆ. 241 ಕೆಜಿ ಬೈಕನ್ನು ಒಬ್ಬಳೇ ಎತ್ತಿದೆ, ಆ ಹೆಮ್ಮೆ ಈಗಲೂ ಇದೆ. ಲೆಗ್ ಗಾರ್ಡ್ ಗೀರಿತ್ತು, ಕ್ಲಚ್ ಲಿವರ್ ಸ್ವಲ್ಪ ಬಗ್ಗಿತ್ತು, ಬೇರೆ ಏನೂ ಆಗಿರಲಿಲ್ಲ. ಆದರೆ ಜಗಲಿ ಮೇಲೆ ಕೂತು ಕಾಫಿ ಕುಡಿಯುವಾಗ ತೊಡೆ ನಡುಗುತ್ತಿತ್ತು. ಮಳೆ ನೋಡುತ್ತಾ ಯೋಚಿಸಿದೆ. ಓಡಿಸುವುದನ್ನು ಕಲಿತಿದ್ದೇನೆ. ಎತ್ತುವುದನ್ನೂ ಕಲಿತಿದ್ದೇನೆ. ಆದರೆ ನಿಲ್ಲಿಸುವ ಪ್ರತಿ ಜಾಗದಲ್ಲೂ ಇಷ್ಟು ಲೆಕ್ಕ ಹಾಕುತ್ತಾ ಇರಬೇಕಾ? ನಾನು ರಜೆಗೆ ಬಂದಿದ್ದೇನೆ, ಕಣ್ಣು ಮಾತ್ರ ನೆಲದ ಮೇಲೇ ಇದೆ.

ಮತ್ತೂ ಒಂದು ವರ್ಷ ಇಟ್ಟುಕೊಂಡೆ. ಸುಮ್ನೆ ಬಿಡಲು ಮನಸ್ಸು ಬರಲಿಲ್ಲ. 2025ರ ಆಗಸ್ಟಿನಲ್ಲಿ ಮಾರಿದೆ. ತಗೊಂಡವರು ಆರಡಿ ಎತ್ತರ. ಬೈಕಿನ ಮೇಲೆ ಕೂತಾಗ ಅವರ ಮೊಣಕಾಲು ಆರಾಮಾಗಿ ಬಗ್ಗಿತ್ತು. ಕೂತಲ್ಲೇ ಹಿಂದಕ್ಕೆ ತಳ್ಳಿ, ಗೇಟಿನಿಂದ ಹೊರಗೆ ತಂದು, ಬೀದಿಯಲ್ಲಿ ತಿರುಗಿಸಿಕೊಂಡರು. ನಾನು ಎರಡು ವರ್ಷ ಬೆವರಿದ್ದ ಕೆಲಸ ಅವರಿಗೆ ಹತ್ತು ಸೆಕೆಂಡ್. ಬೈಕಿನದು ಏನೂ ತಪ್ಪಿರಲಿಲ್ಲ.

ಮುಂದಿನದ್ದಕ್ಕೆ ಈ ಸಲ ಬೇರೆ ಥರ ಹೊರಟೆ. ಅದೇ ಕಂಪನಿಯ ಮೀಟಿಯರ್ 350ರ ಟೆಸ್ಟ್ ರೈಡ್ ಕೇಳಿದಾಗ ಬೈಕನ್ನು ಮನೆಗೇ ತನ್ನಿ ಅಂದೆ. ತಂದರು. ಹೈವೇಗೆ ಹೋಗಲೇ ಇಲ್ಲ. ಮೊದಲು ಎಂಜಿನ್ ಆಫ್ ಮಾಡಿ ಬೀದಿಯಲ್ಲಿ ಹತ್ತು ಹೆಜ್ಜೆ ಮುಂದೆ, ಹತ್ತು ಹೆಜ್ಜೆ ಹಿಂದೆ ತಳ್ಳಿದೆ. ಆಮೇಲೆ ಇಳಿಜಾರು ಹತ್ತಿಸಿದೆ. ನಡುವೆ ಬೇಕಂತಲೇ ನಿಲ್ಲಿಸಿ ಮತ್ತೆ ಹತ್ತಿಸಿದೆ. ಒಳಗೆ ಗೋಡೆವರೆಗೂ ಹೋಗಿ ಹಿಂದಕ್ಕೆ ಎಳೆದೆ. ಐದು ಸಲ. ಬೈಕ್ ತಂದ ಹುಡುಗ ಏನೂ ಅನ್ನದೆ ನೆರಳಿನಲ್ಲಿ ನಿಂತು ನೋಡುತ್ತಿದ್ದ.

ಅಂಕಿಗಳು ಇಲ್ಲಿ ಬೇರೆ ಕಥೆ ಹೇಳುತ್ತವೆ. ಮೀಟಿಯರ್ 350ರ ಸೀಟು 765 ಮಿ.ಮೀ. ಅಂದರೆ 650ಕ್ಕಿಂತ 25 ಮಿ.ಮೀ. ಎತ್ತರ. ಕಾಗದದ ಮೇಲೆ ನನ್ನಂಥವರಿಗೆ 650ಯೇ ಅನುಕೂಲ ಅನ್ನಿಸಬೇಕು. ಆದರೆ ಇದರ ತೂಕ 191 ಕೆಜಿ. ಒಂದು ಮೂಟೆ ಸಿಮೆಂಟಿನಷ್ಟು, 50 ಕೆಜಿ, ಕಡಿಮೆ. ಎರಡು ಚಕ್ರದ ನಡುವಿನ ದೂರ 1,400 ಮಿ.ಮೀ., 650ರದು 1,500. ತಿರುಗಲು ಜಾಗ ಕಡಿಮೆ ಸಾಕು. ನೆಲದಿಂದ 170 ಮಿ.ಮೀ. ಮೇಲಿದೆ. ವಾಲಿದ ಬೀದಿಯಲ್ಲಿ ಹಿಮ್ಮಡಿ ಸ್ವಲ್ಪ ಮೇಲೇ ಇರುತ್ತೆ, ಆದರೆ ಬೈಕ್ ವಾಲಿದರೆ ಪಾದದ ಮುಂಭಾಗದಲ್ಲೇ ತಡೆದು ನಿಲ್ಲಿಸುತ್ತೇನೆ. ಎತ್ತರ ನೋಡಿ ಬೈಕ್ ಆರಿಸುವ ನನ್ನ ಹತ್ತಿರದ ಗೆಳತಿಯರಿಗೆಲ್ಲಾ ಈಗ ಇದನ್ನೇ ಹೇಳುತ್ತೇನೆ, ಸೀಟಿನ ಅಂಕಿಯ ಪಕ್ಕದಲ್ಲಿ ತೂಕದ ಅಂಕಿ ಇಟ್ಟು ನೋಡಿ ಅಂತ.

ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಬದಲಾಯಿತು. 350 ಸಿಸಿವರೆಗಿನ ಬೈಕಿಗೆ 28ರಿಂದ 18%ಗೆ ಇಳಿಯಿತು. ಅದಕ್ಕಿಂತ ದೊಡ್ಡದಕ್ಕೆ 40% ಆಯಿತು. ಮೀಟಿಯರಿನ ಎಂಜಿನ್ 349 ಸಿಸಿ. ನಾನು ಕಾದು ತಗೊಂಡವಳಲ್ಲ, ಆದರೆ ಸಮಯ ಕೂಡಿ ಬಂತು. ಆಯುಧ ಪೂಜೆಯ ದಿನ ಮನೆಗೆ ತಂದೆವು. ಅಪ್ಪ ಊರಿಂದ ಬಂದಿದ್ದರು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟವರು ಅವರೇ. ಯೆಜ್ಡಿ ಓಡಿಸಿದ ಕೈ, ಕ್ಲಚ್ ಹಿಡಿದು ನೋಡಿ ಇಷ್ಟು ಹಗುರಾನಾ ಅಂದರು.

ಕಳೆದುಕೊಂಡದ್ದೂ ಇದೆ, ಮುಚ್ಚಿಡುವುದಿಲ್ಲ. 27 ನ್ಯೂಟನ್ ಮೀಟರ್ ಟಾರ್ಕಿನಲ್ಲಿ ಲಾರಿ ದಾಟಬೇಕಾದರೆ ಮತ್ತೆ ಲೆಕ್ಕ ಹಾಕಬೇಕು. ಅವೆಂಜರಿನಷ್ಟು ಕಷ್ಟ ಇಲ್ಲ, ಆದರೆ ಮಣಿಕಟ್ಟು ತಿರುವಿದರೆ ಸಾಕು ಅನ್ನೋ ನೆಮ್ಮದಿ ಇಲ್ಲ. ನಾಲ್ಕನೇ ಗೇರಿಗೆ ಇಳಿಸಿ, ಎದುರು ಪೂರ್ತಿ ಖಾಲಿ ಇದ್ದರೆ ಮಾತ್ರ ದಾಟುತ್ತೇನೆ. 85, 90ರಲ್ಲಿ ಇದು ಖುಷಿಯಾಗಿರುತ್ತೆ, 100ರ ಮೇಲೆ ಇಡೀ ದಿನ ಹೋಗುವ ಬೈಕ್ ಅಲ್ಲ. ಚಿತ್ರದುರ್ಗದ ಗಾಳಿಯಲ್ಲಿ 650 ಬೇಕಿತ್ತು ಅನ್ನಿಸುತ್ತೆ, ಖಂಡಿತ ಅನ್ನಿಸುತ್ತೆ. ಎತ್ತರ ಇದ್ದು, ಸಮತಟ್ಟು ಪಾರ್ಕಿಂಗ್ ಇದ್ದು, ತಿಂಗಳಿಗೆರಡು ಸಲ ಗೋವಾಗೋ ಹೈದರಾಬಾದಿಗೋ ಹೋಗುವವರು ಕೇಳಿದರೆ 650ಯನ್ನೇ ತಗೊಳ್ಳಿ ಅಂತೀನಿ.

ನನ್ನ ದಿನಗಳು ಬೇರೆ. ಈಗ ಮತ್ತೆ ಆಫೀಸಿಗೆ ಬೈಕು, ಊರಿಗೆ ಬೈಕು. ಲೀಟರಿಗೆ 34 ಸಿಗುತ್ತೆ. ಸಿಗ್ನಲ್ಲಿನಲ್ಲಿ ಕಾಲು ಸುಡಲ್ಲ.

ನವೆಂಬರಿನಲ್ಲಿ ಅದೇ ಎನ್‌ಎಚ್ 73 ಹಿಡಿದು ಈ ಸಲ ಚಾರ್ಮಾಡಿ ಪೂರ್ತಿ ಇಳಿದೆ, ಉಜಿರೆವರೆಗೆ. ವಾಪಸ್ ಹತ್ತುವಾಗ ಒಂದು ತಿರುವಿನಲ್ಲಿ ಎದುರಿಂದ ಬಸ್ ಬಂತು. ಏರಿನಲ್ಲಿ, ತಿರುವಿನ ಒಳಗೆ, ಪೂರ್ತಿ ನಿಲ್ಲಿಸಬೇಕಾಯಿತು. 650ರಲ್ಲಿ ನಾನು ತುಂಬಾ ಹೆದರುತ್ತಿದ್ದ ಜಾಗ ಅದೇ. ಹಿಂದಿನ ಬ್ರೇಕ್ ಒತ್ತಿ ಎಡಗಾಲು ಇಟ್ಟೆ. ಬಸ್ಸು ನಿಧಾನಕ್ಕೆ ಸರಿದು ಹೋಯಿತು. ಕಾಯುವಾಗ ಪಕ್ಕಕ್ಕೆ ನೋಡಿದೆ. ಬಂಡೆಯ ಸಂದಿನಿಂದ ನೀರು ಇಳಿಯುತ್ತಿತ್ತು, ಮಳೆಗಾಲ ಮುಗಿದು ಸಣ್ಣ ಎಳೆಯಷ್ಟೇ ಉಳಿದಿತ್ತು. ಪಾಚಿಯ ಮೇಲೆ ಅದು ಸದ್ದಿಲ್ಲದೆ ಹರಿಯುವುದನ್ನು ನೋಡ್ತಾ ನಿಂತಿದ್ದೆ. ಹಿಂದೆ ಕೂತವರು ಬಸ್ ಹೋಯ್ತು ಅಂತ ಭುಜ ತಟ್ಟಿದರು.